ಯುದ್ಧದಲ್ಲಿ ಕಾಣೆಯಾದ ವಿಮಾನಯೋಧರ ಗುರುತು ಹಚ್ಚುವುದು ಹೇಗೆ? ಮನೆಯವರು ಮಾಡಬೇಕಾದ್ದೇನು?

ಅರುಣಾಚಲದ ಕಾಡಿನಲ್ಲಿ ಹಳೇ ಯುದ್ಧವಿಮಾನ ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ಓದುಗರು ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಂಬತ್ತು ವರ್ಷ ಮಣ್ಣಲ್ಲಿದ್ದ ಮೂಳೆ ಇಂಥವರದೇ ಅಂತ ಹೇಗೆ ಹೇಳುತ್ತಾರೆ? ನಮ್ಮ ತಾತನ ತಮ್ಮ ಬರ್ಮಾ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ, ನಾವು ಈಗ ಏನಾದರೂ ಮಾಡಬಹುದಾ? ಟ್ರೆಕ್ಕಿಂಗ್‌ನಲ್ಲಿ ವಿಮಾನದ ತುಂಡು ಕಂಡರೆ ಯಾರಿಗೆ ಹೇಳಬೇಕು? ಮೂರಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮೂಳೆ ಸಿಕ್ಕಿತು, ಡಿಎನ್‌ಎ ಪರೀಕ್ಷೆ ಮಾಡಿದರು, ಹೆಸರು ಬಂತು ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಹಾಗಲ್ಲ. ಮೂಳೆಯ ಡಿಎನ್‌ಎಯನ್ನು ಯಾರದಾದರೂ ಡಿಎನ್‌ಎ ಜೊತೆ ಹೋಲಿಸಬೇಕಲ್ವಾ? ಯಾರ ಜೊತೆ ಎಂದು ಹೇಳುವುದು ಹಳೆಯ ಕಾಗದ. ಹೋಲಿಸಲು ಮಾದರಿ ಕೊಡುವುದು ಮನೆಯವರು. ಇವೆರಡೂ ಇಲ್ಲದಿದ್ದರೆ ಎಂಥ ಪ್ರಯೋಗಾಲಯವಿದ್ದರೂ ಮೂಳೆ ಹೆಸರಿಲ್ಲದೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಮನೆಯವರ ಪಾಲು ತುಂಬ ದೊಡ್ಡದು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 1942ರಲ್ಲಿ ಜಪಾನ್ ಬರ್ಮಾ ರಸ್ತೆಯನ್ನು ಮುಚ್ಚಿಸಿತು. ಆಮೇಲೆ ಚೀನಾಕ್ಕೆ ಸಾಮಾನು ಹೋಗಿದ್ದು ಅಸ್ಸಾಮಿನ ಚಾಬುವಾ, ದಿಂಜಾನ್ ಥರದ ವಿಮಾನ ನಿಲ್ದಾಣಗಳಿಂದ, ಹಿಮಾಲಯದ ಪೂರ್ವದ ಬೆಟ್ಟಗಳನ್ನು ದಾಟಿ ಕುನ್ಮಿಂಗ್‌ಗೆ. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’ ಎಂದು ಕರೆದರು. ಮೋಡ, ಗಾಳಿ, ರೆಕ್ಕೆಗೆ ಕಟ್ಟುವ ಮಂಜು, ಕೈಕೊಡುವ ಎಂಜಿನ್, ಎಲ್ಲ ಸೇರಿ ನೂರಾರು ವಿಮಾನ ಬಿದ್ದವು. ಅವುಗಳಲ್ಲಿ ಬಹಳಷ್ಟು ಇಂದಿನ ಅರುಣಾಚಲದಲ್ಲಿ ಮತ್ತು ಬರ್ಮಾದಲ್ಲಿವೆ. ಆ ಯುದ್ಧರಂಗದ ಅಮೆರಿಕನ್ ವಿಮಾನಗಳ ರಿಪೇರಿ ಕೆಲಸ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ನಡೆಯುತ್ತಿತ್ತು. ಎರಡನೇ ಮಹಾಯುದ್ಧದ ಸುಮಾರು 72 ಸಾವಿರ ಅಮೆರಿಕನ್ನರು ಇವತ್ತಿಗೂ ಕಾಣೆಯಾದವರ ಪಟ್ಟಿಯಲ್ಲಿದ್ದಾರೆ.

ಹಂತ 1: ಮನೆಯಲ್ಲಿರುವ ಕಾಗದ ಒಟ್ಟುಮಾಡಿ

ಟ್ರಂಕು, ಬೀರು, ದೇವರ ಮನೆಯ ಫೋಟೊ ಚೌಕಟ್ಟಿನ ಹಿಂಭಾಗ, ಎಲ್ಲ ನೋಡಿ. ಬೇಕಾದ್ದು ಇಷ್ಟು: ಸೇನೆಯಲ್ಲಿ ಬರೆಸಿದ್ದ ಪೂರ್ತಿ ಹೆಸರು, ಸರ್ವಿಸ್ ನಂಬರ್, ದರ್ಜೆ, ಸ್ಕ್ವಾಡ್ರನ್, ಕಾಣೆಯಾದ ದಿನ, ಮನೆಗೆ ಬಂದ ತಂತಿ, ಕಾಗದ, ಪಿಂಚಣಿ ಪತ್ರ. ಸರ್ವಿಸ್ ನಂಬರ್ ಒಂದೇ ಸಿಕ್ಕರೂ ಅರ್ಧ ಕೆಲಸ ಮುಗಿದ ಹಾಗೆ. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ಆ ಸೇನೆಯಲ್ಲಿ ಒಂದೇ ನಂಬರಿನವರು ಇಬ್ಬರು ಇರುವುದಿಲ್ಲ.

ನಮ್ಮವರು ಎಡವುವುದು ಹೆಸರಿನಲ್ಲಿ. ಸೇನೆಯ ಪುಸ್ತಕದಲ್ಲಿ ಹೆಸರನ್ನು ಗುಮಾಸ್ತನ ಕಿವಿಗೆ ಕೇಳಿದ ಹಾಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಇನಿಷಿಯಲ್‌ನಲ್ಲಿದ್ದ ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಕೊನೆಯ ಹೆಸರಾಗಿ ಕೂತಿರುತ್ತದೆ. ಕೃಷ್ಣಪ್ಪ, ಕೃಷ್ಣಯ್ಯ, ಬರೀ ಕೃಷ್ಣ, ಎಲ್ಲ ಕಾಗುಣಿತದಲ್ಲೂ ಹುಡುಕಿ.

ಊರಿನ ವಿಷಯದಲ್ಲೂ ಅಷ್ಟೇ. 1940ರ ದಾಖಲೆಯಲ್ಲಿ ಕರ್ನಾಟಕ ಎಂಬ ರಾಜ್ಯ ಇಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿನಲ್ಲಿ. ಗುಲ್ಬರ್ಗ, ರಾಯಚೂರು, ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿ. ಕೊಡಗು ಬೇರೆ, ಮೈಸೂರು ಬೇರೆ. ಆ ಕಾಲದ ಹೆಸರಿನಲ್ಲೇ ಹುಡುಕಬೇಕು.

ಹಂತ 2: ಯಾವ ದೇಶದ ಲೆಕ್ಕಕ್ಕೆ ಸೇರುತ್ತದೆ ಎಂದು ನೋಡಿ

ಕಾಣೆಯಾದ ಯೋಧರ ಹೊಣೆ ಅವರು ಸೇವೆ ಮಾಡಿದ ದೇಶದ್ದು. ವಿಮಾನ ಬಿದ್ದ ದೇಶದ್ದಲ್ಲ. ಅದಕ್ಕೇ ಅರ್ಜಿ ಎಲ್ಲಿ ಹಾಕಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕು.

ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ ಭಾರತೀಯರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನೂ ಸ್ಮಾರಕಗಳನ್ನೂ ನೋಡಿಕೊಳ್ಳುವ ಸಂಸ್ಥೆ ಅದು. ನಮ್ಮ ಕಡೆಯ ಯುದ್ಧರಂಗದಲ್ಲಿ ಕಾಣೆಯಾಗಿ, ಸಮಾಧಿಯೇ ಇಲ್ಲದ ವಾಯುಪಡೆಯವರ ಹೆಸರು ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಮೇಲಿರುತ್ತದೆ. ಅಲ್ಲಿ 24 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಅಲ್ಲಿ ಕಾಣಲಿಲ್ಲ ಎಂದು ಬಿಟ್ಟುಬಿಡಬೇಡಿ. ವಿಮಾನದಿಂದ ಸಾಮಾನು ಇಳಿಸುತ್ತಿದ್ದ ಎಷ್ಟೋ ಭಾರತೀಯರು ಭೂಸೇನೆಯವರು. ಬರ್ಮಾದಲ್ಲಿ ಕಾಣೆಯಾದ ಭೂಸೇನೆಯವರ ಹೆಸರು ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿರುತ್ತದೆ. ಎರಡೂ ಕಡೆ ನೋಡಿ.

ಬ್ರಿಟಿಷ್ ವಾಯುಪಡೆಯವರಾದರೆ ಆ ದೇಶದ ರಕ್ಷಣಾ ಇಲಾಖೆಯ ಜೆಸಿಸಿಸಿ ಎಂಬ ಘಟಕ ನೋಡಿಕೊಳ್ಳುತ್ತದೆ. ಅವರು ತಾವಾಗಿ ಹುಡುಕಲು ಹೊರಡುವುದಿಲ್ಲ, ಎಲ್ಲಾದರೂ ಅವಶೇಷ ಸಿಕ್ಕಿತು ಎಂಬ ವರದಿ ಬಂದಾಗ ಕೆಲಸ ಶುರುಮಾಡುತ್ತಾರೆ. ಅಮೆರಿಕದವರು ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆಂದೇ 2015ರಲ್ಲಿ ಹಳೆಯ ಘಟಕಗಳನ್ನು ಒಂದುಗೂಡಿಸಿ ಡಿಪಿಎಎ ಎಂಬ ಸಂಸ್ಥೆ ಮಾಡಿದ್ದಾರೆ. ಹವಾಯಿ ಮತ್ತು ನೆಬ್ರಾಸ್ಕಾದಲ್ಲಿ ಅದರ ಮೂಳೆ ಪ್ರಯೋಗಾಲಯಗಳಿವೆ. ಡಿಎನ್‌ಎ ಕೆಲಸ ನಡೆಯುವುದು ಡೆಲವೇರ್‌ನ ಡೋವರ್‌ನಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಸ್ನೇಹಿತರಿಗೋ ಮದುವೆ ಸಂಬಂಧದವರಿಗೋ ನೆರವಾಗುವುದಿದ್ದರೆ ಒಂದು ವಿಷಯ ನೆನಪಿಡಿ: 1947ರವರೆಗೆ ಅಮೆರಿಕದ ವಾಯುಪಡೆ ಭೂಸೇನೆಯ ಒಂದು ಭಾಗ. ಹಾಗಾಗಿ ಎರಡನೇ ಯುದ್ಧದ ಪೈಲಟ್‌ ಬಗ್ಗೆ ಬರೆಯಬೇಕಾದ್ದು ಭೂಸೇನೆಯ ಕಚೇರಿಗೆ. ವಾಯುಪಡೆಗೆ ಬರೆದು ತಿಂಗಳುಗಟ್ಟಲೆ ಕಾಯುವವರಿದ್ದಾರೆ.

1965, 1971ರ ಯುದ್ಧದವರಾದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಿಂದ ಶುರುಮಾಡಿ. ಯಾವ ದಾಖಲೆ ಕಚೇರಿಗೆ ಹೇಗೆ ಬರೆಯಬೇಕು ಎಂದು ಅಲ್ಲಿ ಕೇಳಬಹುದು.

ಹಂತ 3: ವಿಮಾನ ಯಾವುದೆಂದು ಗೊತ್ತುಮಾಡಿ

ಮನುಷ್ಯನ ಗುರುತಿಗಿಂತ ಮೊದಲು ವಿಮಾನದ ಗುರುತು ಆಗಬೇಕು. ವಿಮಾನ ಯಾವುದೆಂದು ಖಚಿತವಾದರೆ ಸಾವಿರಾರು ಕಾಣೆಯಾದವರ ಪಟ್ಟಿ ನಾಲ್ಕೋ ಎಂಟೋ ಹೆಸರಿಗೆ ಇಳಿಯುತ್ತದೆ.

ಅಮೆರಿಕದ ವಿಮಾನಗಳಿಗೆ 1943ರಿಂದ ‘ಕಾಣೆಯಾದ ವಿಮಾನ ಸಿಬ್ಬಂದಿ ವರದಿ’ ಎಂಬ ಕಡತ ಇರುತ್ತದೆ. ಎಂಎಸಿಆರ್ ಎಂದು ಅದನ್ನು ಕರೆಯುತ್ತಾರೆ. ಅದರಲ್ಲಿ ಯಾರು ಯಾರಿದ್ದರು, ಹವಾಮಾನ ಹೇಗಿತ್ತು, ಕೊನೆಗೆ ಎಲ್ಲಿ ಕಂಡಿತು ಎನ್ನುವುದರ ಜೊತೆಗೆ ಎಂಜಿನ್ ನಂಬರ್, ಮೆಷಿನ್ ಗನ್‌ಗಳ ನಂಬರ್ ಕೂಡ ಬರೆದಿರುತ್ತಾರೆ. ಬಾಲ ಸುಟ್ಟುಹೋಗಿ, ಮೈಮೇಲಿನ ಬಣ್ಣ ಉದುರಿಹೋಗಿದ್ದರೂ ಗನ್ನಿನ ಮೇಲೆ ಕೆತ್ತಿದ ನಂಬರ್ ಉಳಿದಿರುತ್ತದೆ. ನನ್ನ ಪ್ರಕಾರ ಆ ಕಡತದಲ್ಲಿ ಅತಿ ಬೆಲೆಯುಳ್ಳ ಸಾಲು ಅದೇ. ಇನ್ನೊಂದು ಕಡತ ಪ್ರತಿಯೊಬ್ಬ ಮೃತ ಯೋಧನದು. ಅದನ್ನು ಐಡಿಪಿಎಫ್ ಎನ್ನುತ್ತಾರೆ. ಹಲ್ಲಿನ ನಕ್ಷೆ, ಎತ್ತರ, ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿ ಹುಡುಕಿದರು, ಮನೆಯವರ ಜೊತೆ ನಡೆದ ಪತ್ರವ್ಯವಹಾರ ಅದರಲ್ಲಿರುತ್ತದೆ. 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಭೂಸೇನೆಯ ಲಕ್ಷಾಂತರ ಸೇವಾ ಕಡತ ಸುಟ್ಟವು. ‘ನಿಮ್ಮವರ ಸೇವಾ ದಾಖಲೆ ಸುಟ್ಟಿದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಬೇಡಿ, ಈ ಎರಡು ಕಡತಗಳನ್ನು ಬೇರೆಯಾಗಿ ಕೇಳಿ. ಬ್ರಿಟಿಷ್ ಮತ್ತು ಭಾರತೀಯ ಸ್ಕ್ವಾಡ್ರನ್‌ಗಳಿಗೆ ದಿನಚರಿ ಪುಸ್ತಕ ಇರುತ್ತಿತ್ತು. ಅವುಗಳಲ್ಲಿ ಬಹಳಷ್ಟು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ.

ಇಲ್ಲಿ ಆಗುವ ದೊಡ್ಡ ತಪ್ಪು ಅವಸರದ್ದು. ನೆದರ್ಲೆಂಡ್ಸ್‌ನ ಮಾರ್ಕರ್‌ಮೇರ್ ಸರೋವರದಲ್ಲಿ 2008ರಲ್ಲಿ ಬ್ರಿಟಿಷ್ ಬಾಂಬರ್ ಒಂದರ ತುಂಡು ಸಿಕ್ಕಿತು. ಮೊದಲು ಅದನ್ನು ಬಿಕೆ 710 ಎಂಬ ನಂಬರಿನ ವಿಮಾನ ಎಂದು ಅಂದುಕೊಂಡಿದ್ದರು. ಆಮೇಲೆ ಸಿಗರೇಟ್ ಡಬ್ಬಿಯ ಮುಚ್ಚಳದ ಮೇಲೆ ಕೆತ್ತಿದ್ದ ಇನಿಷಿಯಲ್‌ಗಳು ಬೇರೆ ವಿಮಾನದ ಸಿಬ್ಬಂದಿಯೊಬ್ಬರಿಗೆ ಹೊಂದಿದವು. ಕೊನೆಗೆ ಅದು 1943ರಲ್ಲಿ ಬಿದ್ದ ಬಿಕೆ 716 ಎಂದಾಯಿತು. ಕೊನೆಯ ಒಂದು ಅಂಕಿ ತಪ್ಪಿದರೆ ಬೇರೆಯೇ ಸಿಬ್ಬಂದಿಯ ಮನೆಗಳಿಗೆ ಸುದ್ದಿ ಹೋಗುತ್ತದೆ.

ಎದುರಾಳಿ ದೇಶದ ದಾಖಲೆಯನ್ನೂ ಹುಡುಕಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ. ಅವತ್ತು ಅವರು ಏನು ಮಾಡಿದರೆಂದು ನಮ್ಮ ಕಡೆ ನೋಡಿದವರಿರಲಿಲ್ಲ. ತಮ್ಮ ವಿಮಾನವನ್ನೇ ಹೊಡೆದ ಪಾಕಿಸ್ತಾನದ ಎಫ್-104 ಯುದ್ಧವಿಮಾನವನ್ನು ಅವರು ಉರುಳಿಸಿದ್ದರು ಎನ್ನುವುದು ವರ್ಷಗಳ ನಂತರ ಆ ಕಡೆಯ ವಿವರಗಳು ಹೊರಬಂದಾಗ ಗೊತ್ತಾಯಿತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ.

ಹಂತ 4: ಜಾಗ ಕಂಡರೆ ಮುಟ್ಟಬೇಡಿ

ಇದು ಚಾರಣಿಗರಿಗೆ. ಕಾಡಲ್ಲಿ ಅಲ್ಯೂಮಿನಿಯಂ ತಗಡು, ಪ್ರೊಪೆಲರ್, ಹಳೇ ಬೂಟು ಕಂಡರೆ ನಿಂತಲ್ಲೇ ಫೋಟೊ ತೆಗೆಯಿರಿ. ಫೋನಿನ ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿಕೊಳ್ಳಿ. ನಂಬರ್ ಏನಾದರೂ ಕಂಡರೆ ಹತ್ತಿರದಿಂದ ಒಂದು ಫೋಟೊ, ಅದೇ ತುಂಡು ಎಲ್ಲಿ ಬಿದ್ದಿದೆ ಎಂದು ತೋರಿಸಲು ದೂರದಿಂದ ಇನ್ನೊಂದು. ಆಮೇಲೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.

ನೆನಪಿಗೆ ಇರಲಿ ಎಂದು ಸುಮ್ನೆ ಒಂದು ಬಕಲ್ ಎತ್ತಿಕೊಂಡು ಬಂದರೂ ನಷ್ಟ ದೊಡ್ಡದು. ಆ ಬಕಲ್ ಬಿದ್ದಿದ್ದ ಜಾಗವೇ ಅಲ್ಲೊಬ್ಬರು ಕೂತಿದ್ದರು ಎನ್ನುವುದಕ್ಕೆ ಸಾಕ್ಷಿ. ಜಾಗ ಬಿಟ್ಟು ಬಂದ ಬಕಲ್ ಬರೀ ತುಕ್ಕು ಹಿಡಿದ ಲೋಹ. ಜೀವಕ್ಕೂ ಅಪಾಯವಿದೆ: ಬಾಂಬು, ಗುಂಡು ಈಗಲೂ ಸಿಡಿಯಬಹುದು. ಊರಿನವರು ಮೊದಲೇ ತಗಡು ತೆಗೆದು ಪಾತ್ರೆ, ಕತ್ತಿ ಮಾಡಿಕೊಂಡಿದ್ದರೆ ಅವರನ್ನು ಬೈಯಬೇಡಿ. ಬಿದ್ದ ಜಾಗ ಎಲ್ಲಿ, ಮೂಳೆ ಕಂಡಿತ್ತಾ, ಹಿರಿಯರು ಹೂತಿದ್ದರಾ ಎಂದು ಗೌರವದಿಂದ ಕೇಳಿ. ಅರುಣಾಚಲದಲ್ಲಿ ಹೆಚ್ಚಿನ ಸುಳಿವು ಬರುವುದೇ ಬೇಟೆಗೆ ಹೋಗುವ ಹಳ್ಳಿಯವರಿಂದ.

ಹಿಮದಲ್ಲಿ ಲೆಕ್ಕ ಬೇರೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ನಮ್ಮ ವಾಯುಪಡೆಯ ಎಎನ್-12 ವಿಮಾನ 102 ಜನರೊಂದಿಗೆ ರೋಹ್ತಾಂಗ್ ಬಳಿ ಕಾಣೆಯಾಯಿತು. ಅದು ಯುದ್ಧದ ನಷ್ಟವಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಅವಶೇಷ ಮೊದಲು ಕಂಡಿದ್ದು 2003ರಲ್ಲಿ. 2024ರಲ್ಲೂ ನಾಲ್ವರ ದೇಹ ಸಿಕ್ಕಿತು. ಗುರುತಿಗೆ ಅವರ ಬಳಿಯಿದ್ದ ಕಾಗದಪತ್ರವೂ ನೆರವಾಯಿತು. ಹಿಮನದಿ ಸದಾ ಕೆಳಗೆ ಜಾರುತ್ತಿರುತ್ತದೆ, ಹಾಗಾಗಿ ಬಿದ್ದ ಜಾಗ ಒಂದು, ಸಿಗುವ ಜಾಗ ಇನ್ನೊಂದು. ಒಮ್ಮೆ ಹುಡುಕಿ ಮುಗಿಯಿತು ಎನ್ನುವ ಹಾಗಿಲ್ಲ.

ಹಂತ 5: ಅಗೆತ

ಭಾರತದಲ್ಲಿ ವಿದೇಶಿ ತಂಡ ಅಗೆಯಬೇಕಾದರೆ ಸರ್ಕಾರದ ಅನುಮತಿ ಬೇಕು, ಗಡಿ ಪ್ರದೇಶವಾದ್ದರಿಂದ ಅದಕ್ಕೆ ಸಮಯ ಹಿಡಿಯುತ್ತದೆ. ‘ಹಾಟ್ ಆ್ಯಸ್ ಹೆಲ್’ ಎಂಬ ಬಿ-24 ಬಾಂಬರ್ 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಾಬುವಾಕ್ಕೆ ಬರುವಾಗ ಎಂಟು ಜನರೊಂದಿಗೆ ಕಾಣೆಯಾಯಿತು. ಅರುಣಾಚಲದಲ್ಲಿ ಅದು ಪತ್ತೆಯಾಗಿದ್ದು 2006ರಲ್ಲಿ. ಅವಶೇಷ ಅಮೆರಿಕಕ್ಕೆ ಹೋಗಿದ್ದು 2016ರಲ್ಲಿ. ಒಬ್ಬ ಅಧಿಕಾರಿಯ ಗುರುತು ಖಚಿತವಾಗಿದ್ದು 2017ರಲ್ಲಿ. ಪತ್ತೆಯಾದ ಮೇಲೂ ಹನ್ನೊಂದು ವರ್ಷ.

ಅಗೆತ ಪುರಾತತ್ವದವರ ರೀತಿಯಲ್ಲೇ ನಡೆಯುತ್ತದೆ. ನೆಲವನ್ನು ಚೌಕಗಳಾಗಿ ಭಾಗ ಮಾಡಿ, ಮಣ್ಣನ್ನೆಲ್ಲ ಸುಮಾರು 6 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿಯುತ್ತಾರೆ. ಪ್ಯಾರಾಚೂಟ್ ಕೊಂಡಿ, ಆಮ್ಲಜನಕ ಮುಖವಾಡದ ತುಂಡು, ಬೂಟಿನ ಅಟ್ಟೆ, ಎಲ್ಲಕ್ಕೂ ಲೆಕ್ಕವಿದೆ. ಬಿಚ್ಚದ ಪ್ಯಾರಾಚೂಟ್‌ಗಳು ಸಿಕ್ಕಿದರೆ, ಅಷ್ಟು ಜನ ಹಾರದೆ ಒಳಗೇ ಇದ್ದಿರಬೇಕು ಎಂದು ಊಹಿಸಲು ಆಧಾರ ಸಿಗುತ್ತದೆ.

ಕೊರಳಿಗೆ ಹಾಕುವ ಗುರುತುಬಿಲ್ಲೆ ಸಿಕ್ಕಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಬಿಲ್ಲೆ ಒಬ್ಬರದು, ಪಕ್ಕದ ಮೂಳೆ ಇನ್ನೊಬ್ಬರದು ಆಗಿರಬಹುದು. ಸಿಗದಿದ್ದರೂ ಅರ್ಥ ಹಚ್ಚಬೇಡಿ. ಅಮೆರಿಕದ ಬಿಲ್ಲೆ ಲೋಹದ್ದು, ಉಳಿಯುತ್ತದೆ. ಬ್ರಿಟಿಷರ ಕೆಂಪು-ಹಸಿರು ಬಿಲ್ಲೆ ನಾರಿನದು, ತೇವದ ಮಣ್ಣಲ್ಲಿ ಕೊಳೆತುಹೋಗುತ್ತದೆ.

ಹಂತ 6: ಮೂಳೆ ಮತ್ತು ಹಲ್ಲು ಏನು ಹೇಳುತ್ತವೆ

ಡಿಪಿಎಎಯಲ್ಲಿ ಮೂಳೆ ನೋಡುವ ತಜ್ಞರಿಗೆ ಇದು ಯಾವ ವಿಮಾನದ್ದು, ಯಾರಿರಬಹುದು ಎಂದು ಹೇಳಿರುವುದಿಲ್ಲ. ಹೆಸರು ಗೊತ್ತಿದ್ದರೆ ಕಣ್ಣು ಅದನ್ನೇ ಹುಡುಕುತ್ತದಲ್ವಾ, ಅದಕ್ಕೆ. ಮೊದಲು ಎಷ್ಟು ಜನರಿದ್ದಾರೆ ಎಂದು ಎಣಿಸುತ್ತಾರೆ. ಎರಡು ಎಡ ತೊಡೆಮೂಳೆ ಇದ್ದರೆ ಕನಿಷ್ಠ ಇಬ್ಬರು. ಆಮೇಲೆ ವಯಸ್ಸು, ಎತ್ತರ, ಹಳೇ ಗಾಯ.

ವಿಮಾನ ಸಿಬ್ಬಂದಿಯ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಎಲ್ಲರೂ ಹತ್ತೊಂಬತ್ತರಿಂದ ಮೂವತ್ತರ ಒಳಗಿನ ಗಂಡಸರು, ವೈದ್ಯಕೀಯ ಪರೀಕ್ಷೆ ದಾಟಿ ಬಂದವರು, ಎತ್ತರವೂ ಹತ್ತಿರಹತ್ತಿರ. ಹಾಗಾಗಿ ವಯಸ್ಸು ಮತ್ತು ಎತ್ತರದಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದು ಕಷ್ಟ. ಸ್ವಲ್ಪ ನೆರವಾಗುವುದು ಕತ್ತಿನ ಕೆಳಗಿನ ಕಾಲರ್ ಮೂಳೆ. ಅದರ ಎದೆಯ ಕಡೆಯ ತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತರ ಕೊನೆಯ ಹೊತ್ತಿಗೆ. ಇಪ್ಪತ್ತರ ಹುಡುಗನನ್ನು ಮೂವತ್ತರವರಿಂದ ಅದು ಬೇರೆ ಮಾಡಿ ತೋರಿಸುತ್ತದೆ.

ಹಲ್ಲು ಇದಕ್ಕಿಂತ ಗಟ್ಟಿ ಸಾಕ್ಷಿ. ಕಾಡಿನ ಹುಳಿ ಮಣ್ಣು ಮೂಳೆಯನ್ನು ತಿಂದುಹಾಕಿದರೂ ಹಲ್ಲಿನ ಹೊರಪದರ ಉಳಿಯುತ್ತದೆ. ಯಾವ ಹಲ್ಲು ಕಿತ್ತಿದ್ದರು, ಯಾವುದಕ್ಕೆ ಬೆಳ್ಳಿ ತುಂಬಿಸಿದ್ದರು ಎನ್ನುವುದು ಸೇನೆಯ ನಕ್ಷೆಯಲ್ಲಿದ್ದರೆ ಹೋಲಿಸಬಹುದು. ಕಾಣೆಯಾದವರು ನಗುತ್ತಿರುವ ಹಳೇ ಫೋಟೊ ಮನೆಯಲ್ಲಿದ್ದರೆ ಅದನ್ನೂ ಕೊಡಿ. ಮುಂದಿನ ಹಲ್ಲಿನ ಸಂದು, ಸೊಟ್ಟ ಅದರಲ್ಲಿ ಕಾಣುತ್ತದೆ.

ನಮ್ಮಲ್ಲಿಯೂ ಈ ವಿದ್ಯೆ ಕಲಿಸುವವರಿದ್ದಾರೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2021ರಲ್ಲಿ ಡಿಪಿಎಎ ಜೊತೆ ಒಪ್ಪಂದ ಮಾಡಿಕೊಂಡಿದೆ. ಅದರ ಒಂದು ಕ್ಯಾಂಪಸ್ ಧಾರವಾಡದಲ್ಲಿದೆ. ಈ ಕ್ಷೇತ್ರಕ್ಕೆ ಹೋಗಬೇಕೆನ್ನುವ ವಿದ್ಯಾರ್ಥಿಗಳು ಗಮನಿಸಿ.

ಹಂತ 7: ಡಿಎನ್‌ಎ, ಅಂದರೆ ನಿಮ್ಮ ಸರದಿ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ನಿಧಾನವಾಗಿ ಓದಿ.

ಹಳೇ ಮೂಳೆಯಲ್ಲಿ ಡಿಎನ್‌ಎ ತುಂಡುತುಂಡಾಗಿರುತ್ತದೆ. ಅದರಲ್ಲಿ ಸುಲಭವಾಗಿ ಸಿಗುವುದು ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್‌ಎ. ಒಂದು ಜೀವಕೋಶದಲ್ಲಿ ಇದರ ನೂರಾರು ಪ್ರತಿಗಳಿರುತ್ತವೆ, ಅದಕ್ಕೇ ಉಳಿದುಕೊಳ್ಳುತ್ತದೆ. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಹಾಗಾಗಿ ಕಾಣೆಯಾದ ಗಂಡಸಿನ ಸ್ವಂತ ಮಕ್ಕಳಲ್ಲಿ ಸಾಮಾನ್ಯವಾಗಿ ಅವರ ಮೈಟೊಕಾಂಡ್ರಿಯ ಇರುವುದಿಲ್ಲ. ‘ನಾನು ಮಗ, ನನಗಿಂತ ಹತ್ತಿರದವರು ಯಾರು’ ಎಂದು ಬರುವವರಿಗೆ ಇದು ಬೇಸರ ತರುತ್ತದೆ. ಆದರೆ ಈ ಪರೀಕ್ಷೆಗೆ ಬೇಕಾದವರು ಅವರ ಅಕ್ಕ-ತಂಗಿ, ಅಣ್ಣ-ತಮ್ಮ, ಅಕ್ಕ-ತಂಗಿಯ ಮಕ್ಕಳು, ಅಕ್ಕ-ತಂಗಿಯ ಹೆಣ್ಣುಮಕ್ಕಳ ಮಕ್ಕಳು. ಅವರ ತಾಯಿಯ ಅಕ್ಕ-ತಂಗಿಯ ಮಕ್ಕಳೂ ಆಗುತ್ತಾರೆ. ಅಣ್ಣ-ತಮ್ಮನ ಮಕ್ಕಳು ಇದಕ್ಕೆ ಆಗುವುದಿಲ್ಲ.

ಎರಡನೆಯದು ವೈ ಡಿಎನ್‌ಎ. ಇದು ಅಪ್ಪನಿಂದ ಮಗನಿಗೆ. ಮಗ, ಅಣ್ಣ-ತಮ್ಮ, ಅವರ ಗಂಡುಮಕ್ಕಳು, ದೊಡ್ಡಪ್ಪ-ಚಿಕ್ಕಪ್ಪನ ಗಂಡುಮಕ್ಕಳು ಕೊಡಬಹುದು. ಮೂರನೆಯದು ಅಪ್ಪ-ಅಮ್ಮ ಇಬ್ಬರಿಂದಲೂ ಬರುವ ಡಿಎನ್‌ಎ. ಇಲ್ಲಿ ಮಗ, ಮಗಳು, ಒಡಹುಟ್ಟಿದವರ ಮಾದರಿಗೆ ಬೆಲೆ ಜಾಸ್ತಿ. ಆದರೆ ಹಳೇ ಮೂಳೆಯಿಂದ ಇದನ್ನು ತೆಗೆಯುವುದು ಕಷ್ಟ. ಆದ್ದರಿಂದ ಮೂರೂ ಕಡೆಯವರು ಕೊಡುವುದು ಒಳ್ಳೆಯದು.

ನಮ್ಮ ಕಡೆಯ ಮನೆಗಳು ಇನ್ನೊಂದು ವಿಷಯ ಮರೆಯದೆ ಹೇಳಬೇಕು. ಸೋದರಮಾವನನ್ನೇ ಮದುವೆಯಾಗುವ ಪದ್ಧತಿ ನಮ್ಮಲ್ಲಿತ್ತು, ಈಗಲೂ ಇದೆ. ಕಾಣೆಯಾದವರು ತಮ್ಮ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿದ್ದರೆ ಹೆಂಡತಿಯ ಮೈಟೊಕಾಂಡ್ರಿಯವೂ ಅವರದ್ದೂ ಒಂದೇ, ಅವರ ತಾಯಿಯೇ ಹೆಂಡತಿಗೆ ಅಜ್ಜಿ, ಇಬ್ಬರಿಗೂ ಆಕೆಯಿಂದಲೇ ಬಂದದ್ದು. ಆಗ ಅವರ ಸ್ವಂತ ಮಕ್ಕಳ ಮಾದರಿಯೂ ಕೆಲಸಕ್ಕೆ ಬರುತ್ತದೆ. ಹಾಗೆಯೇ ಮನೆಯೊಳಗಿನ ಮದುವೆಗಳು ಮೂರನೇ ಬಗೆಯ ಲೆಕ್ಕವನ್ನು ಏರುಪೇರು ಮಾಡುತ್ತವೆ. ದತ್ತು ತೆಗೆದುಕೊಂಡಿದ್ದು, ಎರಡನೇ ಮದುವೆ, ಮಲಮಕ್ಕಳು, ಏನನ್ನೂ ಮುಚ್ಚಿಡಬೇಡಿ. ವಂಶವೃಕ್ಷದಲ್ಲಿ ಒಂದು ಸುಳ್ಳು ಸೇರಿದರೆ ಸರಿಯಾದ ಮೂಳೆಯೂ ‘ಹೊಂದಲಿಲ್ಲ’ ಎಂದು ಬರುತ್ತದೆ.

ಮಾದರಿ ಕೊಡುವುದು ಸುಲಭ. ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಉಜ್ಜುತ್ತಾರೆ, ಅಷ್ಟೇ. ಡಿಪಿಎಎ ಪ್ರಕರಣಗಳಲ್ಲಿ ಇದಕ್ಕೆ ದುಡ್ಡಿಲ್ಲ. ಯಾರಾದರೂ ಶುಲ್ಕ ಕೇಳಿದರೆ ಮೋಸ ಎಂದೇ ತಿಳಿಯಿರಿ. ಆನ್‌ಲೈನಿನಲ್ಲಿ ವಂಶ ತಿಳಿಯಲು ಮಾಡಿಸಿದ ಖಾಸಗಿ ಪರೀಕ್ಷೆ ಇದಕ್ಕೆ ಬದಲಿಯಾಗದು, ಬೇರೆಯಾಗಿಯೇ ಕೊಡಬೇಕು.

ಮೂಳೆ ಸಿಕ್ಕಲಿ, ಆಮೇಲೆ ಕೊಡೋಣ ಎಂದು ಕಾಯಬೇಡಿ. ಹೆಸರಿಲ್ಲದ ಸಮಾಧಿಗಳನ್ನು ತೆರೆಯಲು ಅಮೆರಿಕ 2015ರಲ್ಲಿ ನಿಯಮ ಮಾಡಿದೆ. ಹಲವರ ಮೂಳೆ ಬೆರೆತ ಸಮಾಧಿಯಾದರೆ, ಅಲ್ಲಿರಬಹುದಾದವರಲ್ಲಿ ಕನಿಷ್ಠ ಶೇಕಡ 60 ಜನರ ಮನೆಯವರ ಮಾದರಿ ಮೊದಲೇ ಸಂಗ್ರಹದಲ್ಲಿರಬೇಕು. ನೀವು ಕೊಡದಿದ್ದರೆ ನಿಮ್ಮವರ ಜೊತೆಗೆ ಪಕ್ಕದಲ್ಲಿ ಮಲಗಿದವರೂ ಹೆಸರಿಲ್ಲದೆ ಉಳಿಯಬಹುದು. ಅದಕ್ಕಿಂತ ಮುಖ್ಯ, ಆ ತಲೆಮಾರಿನ ಅಕ್ಕ-ತಂಗಿಯರು ಹೋಗುತ್ತಿದ್ದಾರೆ. ಮನೆಯ ಹಿರಿಯ ಅಜ್ಜಿಯ ಮಾದರಿ ಮೊದಲು ಕೊಡಿಸಿ.

ಮೈಟೊಕಾಂಡ್ರಿಯ ಹೊಂದಿತು ಎಂದರೆ ಅವರೇ ಎಂದಲ್ಲ. ಸಂಬಂಧವೇ ಇಲ್ಲದ ಇಬ್ಬರಲ್ಲೂ ಒಂದೇ ಬಗೆ ಇರಬಹುದು. ಹೊಂದದಿದ್ದರೆ ಅವರಲ್ಲ ಎಂದು ಹೇಳಲು ಅದು ಹೆಚ್ಚು ಉಪಯೋಗ. ಬೆಂಕಿಯಲ್ಲಿ ಬಿಳಿಯಾಗಿ ಸುಟ್ಟ ಮೂಳೆಯಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಈ ಸಾಧ್ಯತೆಗೆ ಮನಸ್ಸು ಸಿದ್ಧ ಮಾಡಿಕೊಂಡಿರಿ.

ಹಂತ 8: ತೀರ್ಮಾನ ಮತ್ತು ಆಮೇಲಿನದು

ವಿಮಾನದ ನಂಬರ್, ಕಡತ, ವಸ್ತು, ಹಲ್ಲು, ಮೂಳೆ, ಡಿಎನ್‌ಎ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ, ಒಂದಕ್ಕೊಂದು ಎದುರು ಹೇಳದಿದ್ದಾಗ ಮಾತ್ರ ಹೆಸರು ಕೊಡುತ್ತಾರೆ. ಮನೆಯವರಿಗೆ ವಿವರವಾದ ವರದಿ ಸಿಗುತ್ತದೆ. ಅರ್ಥವಾಗದ್ದನ್ನು ಕೇಳಿ, ಅದು ನಿಮ್ಮ ಹಕ್ಕು. ಮುಂದೆ ಇನ್ನಷ್ಟು ಮೂಳೆ ಸಿಕ್ಕಿದರೆ ತಿಳಿಸಬೇಕೇ ಬೇಡವೇ ಎಂದೂ ಕೇಳುತ್ತಾರೆ. ಮನೆಯವರೆಲ್ಲ ಕೂತು ಮಾತಾಡಿ ಉತ್ತರ ಕೊಡಿ, ಅವಸರ ಮಾಡಬೇಡಿ.

ಅಮೆರಿಕದವರ ಅವಶೇಷ ಮನೆಗೆ ಹೋಗುತ್ತದೆ. ಅಮೆರಿಕದ ಯುದ್ಧ ಸ್ಮಾರಕಗಳಲ್ಲಿ ಕಾಣೆಯಾದವರ ಹೆಸರು ಕೆತ್ತಿದ ಗೋಡೆಯ ಮೇಲೆ ಅವರ ಹೆಸರಿನ ಪಕ್ಕ ಸಣ್ಣ ಹೂವಿನಾಕಾರದ ಗುರುತು ಕೂರಿಸುತ್ತಾರೆ. ಕಾಮನ್‌ವೆಲ್ತ್ ಯೋಧರನ್ನು ಬಿದ್ದ ದೇಶದಲ್ಲೇ, ಯುದ್ಧ ಸ್ಮಶಾನದಲ್ಲಿ ಇರಿಸುವುದು ಮೊದಲಿನಿಂದ ಬಂದ ಪದ್ಧತಿ. ಊರಿಗೆ ತರಬಹುದು ಎಂಬ ಆಸೆ ಮನೆಯ ಹಿರಿಯರಲ್ಲಿ ಹುಟ್ಟಿಸುವ ಮೊದಲು ಇದನ್ನು ಹೇಳಿಬಿಡಿ.

ಅಧಿಕೃತ ಪತ್ರ ಕೈಗೆ ಬರುವ ತನಕ ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಅದೇ ವಿಮಾನದಲ್ಲಿದ್ದ ಬೇರೆ ಮನೆಯವರೂ ಕಾಯುತ್ತಿರುತ್ತಾರೆ. ಮನೆ ಬದಲಾದಾಗ, ಫೋನ್ ನಂಬರ್ ಬದಲಾದಾಗ ಸಂಬಂಧಪಟ್ಟ ಕಚೇರಿಗೆ ಬರೆದು ತಿಳಿಸಿ. ನಿಮ್ಮ ನಂತರ ಅವರು ಯಾರನ್ನು ಸಂಪರ್ಕಿಸಬೇಕು ಎಂದು ಮನೆಯ ಕಿರಿಯರೊಬ್ಬರ ಹೆಸರು ಈಗಲೇ ಕೊಟ್ಟಿಡಿ, ಕಡತದ ಒಂದು ಪ್ರತಿ ಅವರ ಕೈಯಲ್ಲೂ ಇರಲಿ.